ಗಂಗತ್ತೆ ಹಾಕದ ನೀರು

ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ ಮೂಗಿಗೆ ಬಡಿದರೆ ಸಾಕು, ಬನಹಟ್ಟಿಯ ನಮ್ಮ ಮಗ್ಗದ ಮನೆಯಲ್ಲಿ ಕೂತ ಗಂಗತ್ತೆ ಕಣ್ಣೆದುರು ಬರುತ್ತಾಳೆ. ಅಪ್ಪನ ತಂಗಿ; ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡು, ಮಗ್ಗದಲ್ಲಿ ಮುಗಿಯುತ್ತ ಬಂದ ಹಾಸಿನ, ಅಂದರೆ ಉದ್ದ ನೂಲಿನ, ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಿದ್ದಳು. ಸಾವಿರಾರು ಎಳೆ, ಒಂದೂ ಬಿಚ್ಚುತ್ತಿರಲಿಲ್ಲ. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, "ಕೈ ಹಗೂರ ಇರ್ಲಿ ಬೇ, ಜಗ್ಗಬ್ಯಾಡ" ಅನ್ನುತ್ತಿದ್ದಳು.

ಅವಳನ್ನು ಕಳೆದುಕೊಂಡೆವು; ತಪ್ಪು ನಮ್ಮದೇ. ಕಾವಿ ತೊಟ್ಟವರು ಯಾರೇ ಬರಲಿ, ಯಾವ ಮಠ, ಯಾರ ಶಿಷ್ಯ ಎಂದು ಕೇಳದೆ ಒಳಗೆ ಕರೆದು ಪಾದಪೂಜೆ ಮಾಡುವ ಮನೆ ನಮ್ಮದು. ಮುಧೋಳದ ಕಡೆಯಿಂದ ಹಾಗೆ ಬಂದ ಒಬ್ಬ ಗುರುವಿನ ಕಾಲು ತೊಳೆದವಳು ನನ್ನ ಆಯಿ, ಅಪ್ಪನ ತಾಯಿ. ತಂಬಿಗೆ ಹಿಡಿದು ನೀರು ಹಾಕಿದವಳು ಗಂಗತ್ತೆ. ಮೊದಲು ಅವಳು ಅವನ ಸೋಮವಾರದ ಭಜನೆಗೆ ಹೋದಳು. ಆಮೇಲೆ ನಮ್ಮ ಮನೆಯ ಅನ್ನನೀರು ಮೈಲಿಗೆ ಎಂದಳು. ಗುರು ಆಕೆಗೆ ಬೇರೆ ಹೆಸರಿಟ್ಟ. ಒಂದು ಮಧ್ಯಾಹ್ನ, ಅರ್ಧ ಕೂಡಿಸಿದ ಹಾಸನ್ನು ಹಾಗೇ ಬಿಟ್ಟು ಅವನ ಆಶ್ರಮಕ್ಕೆ ಹೊರಟೇ ಹೋದಳು. ಅಪ್ಪ ಕರೆತರಲು ಹೋದರೆ ಗೇಟನ್ನೇ ತೆಗೆಯಲಿಲ್ಲ.

"ದೇವರ ಹಾದಿ ಹಿಡದಾಳ, ಬಿಡ್ರಿ" ಎಂದ ಓಣಿಯವರ ಮೇಲೆ ಆಯಿ ಸಿಡಿದಿದ್ದಳು. "ಎಂಥಾ ದೇವರ ಹಾದಿ! ನಮ್ಮ ಮಠದ ಅಜ್ಜಾರು ವಿಭೂತಿ ಹಚ್ಚಿ, ಹೊತ್ತಾತು, ಮನಿಗೆ ಹೋಗ್ರಿ, ಮಕ್ಕಳು ಹಾದಿ ಕಾಯತಿರತಾವು ಅಂತಾರ. ಅವರ ಕೂಡ ಜಗಳಾ ಮಾಡಿ ಬಂದ್ರೂ ಮರುದಿನ ಪ್ರಸಾದಕ್ಕ ಕರೀತಾರ. ಇಂವ ಮನೀನ ಮರೀರಿ ಅಂತಾನ!" ಧರ್ಮ ಯಾವುದು, ಧರ್ಮದ ವೇಷ ಯಾವುದು ಎಂದು ಆಮೇಲೆ ಎಷ್ಟೋ ಓದಿದೆ. ಇದಕ್ಕಿಂತ ಬಿಡಿಸಿ ನನಗೆ ಯಾರೂ ಹೇಳಿಲ್ಲ.

ಆಯಿ ಹಾಸಿಗೆ ಹಿಡಿದಾಗ ಹೇಳಿ ಕಳಿಸಿದೆವು. ಗಂಗತ್ತೆ ಬಂದಳು, ಜೊತೆಗೆ ಆಶ್ರಮದ ಒಬ್ಬ ಹೆಂಗಸು. ಆಯಿ ಕಣ್ಣು ತೆರೆದು, "ಗಂಗಾ, ಬಾಯಾಗ ಒಂದ್ ಗುಟುಕು ನೀರ್ ಹಾಕಬೇ" ಎಂದಳು. ಅತ್ತೆ ತಂಬಿಗೆಗೆ ಕೈ ಚಾಚಿದವಳು ಆ ಹೆಂಗಸಿನ ಮುಖ ನೋಡಿದಳು. ಆಕೆ ಬೇಡವೆಂದು ತಲೆ ಅಲ್ಲಾಡಿಸಿದಳು. ಅತ್ತೆಯ ಕೈ ಹಿಂದೆ ಸರಿಯಿತು. ಅಯ್ಯೋ, ಆ ಗುರುವಿನ ಕಾಲಿಗೆ ತಂಬಿಗೆಗಟ್ಟಲೆ ಸುರಿದ ಕೈ ಅದು! ಕೊನೆಗೆ ನಾನೇ ಹಾಕಿದೆ. ಆಯಿ ಬಾಯಿ ತೆರೆಯಲಿಲ್ಲ, ಮಗಳನ್ನೇ ನೋಡುತ್ತಿದ್ದಳು. ನೀರು ದಿಂಬಿಗೆ ಹರಿಯಿತು.

ಆ ಮಗ್ಗವಿಲ್ಲ, ಆ ಮನೆಯೂ ಇಲ್ಲ. ನಿಮ್ಮ ಮನೆಯಿಂದಲೂ ಯಾರಾದರೂ ಹೀಗೆ ಹೋಗಿದ್ದರೆ, ಬದುಕಿದ್ದವರಿಗಾಗಿ ಅಳುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತು. ಹೋದ ವರ್ಷ ಜಮಖಂಡಿಯ ಬಸ್ ಸ್ಟ್ಯಾಂಡಿನಲ್ಲಿ ಆಕೆಯನ್ನು ಕಂಡು, "ಗಂಗತ್ತೀ" ಎಂದು ಕೂಗಿದೆ. ತಿರುಗಲಿಲ್ಲ. ಆದರೆ ಸೆರಗಿನ ಅಂಚಿನಲ್ಲಿ ಬಿಚ್ಚಿಕೊಂಡಿದ್ದ ಎರಡು ಎಳೆಗಳನ್ನು ಅವಳ ಬೆರಳುಗಳು ಹೊಸೆದು ಕೂಡಿಸುತ್ತಿದ್ದವು.