ಅಕ್ಕನ ಫೋನಿಗೆ ಬಂದ ಒಟಿಪಿ

ಸೋಲಾರ್ ಯಾಕೆ ಹಾಕಿಸುತ್ತಿದ್ದೀರಿ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಸಿದ್ಧ ಉತ್ತರವೊಂದಿತ್ತು. ಅಪ್ಪನ ಕೊನೆಯ ಬೇಸಿಗೆ. ಸಿಂಧನೂರಿನ ಮೇ ತಿಂಗಳು, ಮಧ್ಯಾಹ್ನದ ಹೊತ್ತು, ಕರೆಂಟ್ ಇಲ್ಲ. ಪಡಸಾಲೆಯ ಹೊರಸಿನ ಮೇಲೆ ಅಪ್ಪ ಅಂಗಿ ಬಿಚ್ಚಿ ಮಲಗಿದ್ದಾನೆ. ನಾನು ಹಳೆಯ ಕ್ಯಾಲೆಂಡರಿನ ರಟ್ಟು ಹಿಡಿದು ಗಾಳಿ ಹಾಕುತ್ತಿದ್ದೇನೆ. ಮಣಿಕಟ್ಟು ಸೋತು ಗಾಳಿ ನಿಧಾನವಾದಾಗ ಅಪ್ಪ ಕಣ್ಣು ತೆರೆಯದೆ, "ಕೈ ಬದಲಿ ಮಾಡು" ಅನ್ನುತ್ತಾನೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಇಷ್ಟೊಂದು ಬಿಸಿಲಿದ್ದೂ ಒಂದು ಫ್ಯಾನ್ ತಿರುಗಿಸಲಾರೆವಲ್ಲ ಎಂದು ಆವತ್ತೇ ಅನ್ನಿಸಿತ್ತು, ಅನ್ನುತ್ತಿದ್ದೆ. ಕೇಳಿದವರು ಮುಂದೆ ಪ್ರಶ್ನೆ ಹಾಕುತ್ತಿರಲಿಲ್ಲ. ಕಾಲೇಜಿನಲ್ಲಿ ಸೌರಶಕ್ತಿಯ ಪಾಠ ಬಂದಾಗಲೂ ಇದನ್ನೇ ಹೇಳಿ ಶುರು ಮಾಡುತ್ತಿದ್ದೆ.

ಭೌತಶಾಸ್ತ್ರ ಓದಿದವನು ನಾನು, ಅದನ್ನೇ ಕಲಿಸುತ್ತೇನೆ. ಯಾರು ಏನು ಹೇಳಿದರೂ ಸಬೂತು ಎಲ್ಲಿದೆ, ಪುರಾವೆ ತೋರಿಸಿ ಎಂದು ಕೇಳುವುದು ಚಟವಾಗಿಬಿಟ್ಟಿದೆ. ನನ್ನ ಮೇಲೂ ನನಗೆ ನಂಬಿಕೆ ಕಡಿಮೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಹೋದದ್ದಿದೆ. ಹಾಕಿದ ಬೀಗವನ್ನು ಎರಡು ಸಲ ಜಗ್ಗಿ ನೋಡುತ್ತೇನೆ. ಆದರೆ ಆ ಬೇಸಿಗೆಯನ್ನು ಮಾತ್ರ ಒಂದು ದಿನವೂ ಸಬೂತು ಕೇಳಿರಲಿಲ್ಲ.

ಪ್ಯಾನೆಲ್ ಹಾಕುವವನು ಲಿಂಗಸೂಗೂರಿನವನು. ಗೊರೇಬಾಳದಲ್ಲಿ ಇಬ್ಬರ ಮನೆಗೆ ಹಾಕಿದ್ದ, ಮಾತು ಜಾಸ್ತಿಯಾದರೂ ಕೆಲಸ ಚೊಕ್ಕ ಎಂದು ಅವರು ಹೇಳಿದ್ದರು. ನಮ್ಮ ಮಾಳಿಗೆ ಹತ್ತಿ ಅಳತೆ ತೆಗೆದುಕೊಂಡ, ರೈಸ್‌ಮಿಲ್ಲಿನ ಕಡೆಯಿಂದ ಹಾರಿ ಬರುವ ಬೂದಿಯನ್ನು ಬೆರಳಿನಿಂದ ಒರೆಸಿ ತೋರಿಸಿದ.

"ವಾರಕ್ಕೊಮ್ಮೆ ಒರಸಬೇಕಾಗತೈತಿ ಸರ್. ಇಲ್ಲಾಂದ್ರ ಪ್ಯಾನೆಲ್ ನಿದ್ದಿ ಮಾಡತಾವ."

ಆಮೇಲೆ ಕೆಳಗೆ ಕುಳಿತು ಚಹಾ ಕುಡಿಯುತ್ತ ಲೆಕ್ಕದ ವಿಷಯ ತೆಗೆದ. ನಾವು ಆರಿಸಬೇಕಾದದ್ದು ಎರಡರಲ್ಲಿ ಒಂದು. ನೆಟ್ ಮೀಟರ್ ಅಂದರೆ, ಪ್ಯಾನೆಲಿನ ಕರೆಂಟನ್ನು ಮೊದಲು ಮನೆ ಬಳಸುತ್ತದೆ, ಉಳಿದದ್ದು ಕಂಬಕ್ಕೆ ಹೋಗುತ್ತದೆ, ಸಂಜೆ ನಾವು ಕಂಬದಿಂದ ಎಳೆದುಕೊಂಡದ್ದರಲ್ಲಿ ಅದನ್ನು ಕಳೆಯುತ್ತಾರೆ. ಗ್ರಾಸ್ ಅಂದರೆ, ಪ್ಯಾನೆಲಿನ ಕರೆಂಟ್ ಅಷ್ಟೂ ಒಂದು ದರಕ್ಕೆ ಮಾರಾಟ, ಮನೆಗೆ ಬೇಕಾದದ್ದಷ್ಟೂ ಇನ್ನೊಂದು ದರಕ್ಕೆ ಖರೀದಿ. ನಾನು ಮೂರು ವಾರದಿಂದ ಒಂದು ನೋಟ್‌ಬುಕ್ಕಿನಲ್ಲಿ ಮನೆಯ ಮೀಟರನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬರೆದಿಟ್ಟುಕೊಂಡಿದ್ದೆ. ಎರಡು ಬಣ್ಣದ ಗೆರೆಗಳಲ್ಲಿ ನಕ್ಷೆಯನ್ನೂ ಎಳೆದಿದ್ದೆ. ಅವನು ಅದನ್ನು ನೋಡಿ, "ಸರ್, ಇಷ್ಟು ಬರಿಯೂದ್ರಾಗ ಇನ್ನೊಂದು ಮನೀಗೆ ಫಿಟಿಂಗ್ ಮುಗಸ್ತಿದ್ದೆ" ಅಂದ. ಮನೆಯವಳು ಒಳಗಿನಿಂದಲೇ ನಕ್ಕಳು.

ಅರ್ಜಿ ಆನ್‌ಲೈನ್. ಮೀಟರ್ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ನಮ್ಮ ಓಣಿಯಲ್ಲಿ ಯಾರೂ ಹೆಸರು ಬದಲಿಸುವ ಗೋಜಿಗೆ ಹೋಗುವುದಿಲ್ಲ. ತೀರಿಹೋದವರ ಹೆಸರಿಗೆ ಬಿಲ್ ಬರುತ್ತದೆ, ಇದ್ದವರು ಕಟ್ಟುತ್ತಾರೆ. ಅವನು ಫೋನಿನಲ್ಲಿ ಮೀಟರಿನ ನಂಬರ್ ಒತ್ತಿ, "ಒಟಿಪಿ ಬಂತಾ ಸರ್?" ಎಂದು ಕೇಳಿದ. ಬಂದಿರಲಿಲ್ಲ. ಮತ್ತೆ ಒತ್ತಿದ. ಬರಲಿಲ್ಲ. ಪರದೆಯ ಮೇಲೆ ಕೊನೆಯ ಎರಡು ಅಂಕಿ ಮಾತ್ರ ಕಾಣುತ್ತಿದ್ದವು. ಅವು ನನ್ನ ನಂಬರಿನವಲ್ಲ.

"ತಪ್ಪು ಹಾಕ್ಯಾರ ಆಫೀಸಿನ್ಯಾರು" ಅಂದೆ.

ಮನೆಯವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದಳು. "ಅಕ್ಕನ ನಂಬರ್ ಅಲ್ಲೇನ್ರೀ ಇದು?"

ಅಕ್ಕ ಮಸ್ಕಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಭಾವ ಹೋದ ಮೇಲೆ ಒಬ್ಬಳೇ ನಡೆಸಿಕೊಂಡು ಬಂದಿದ್ದಾಳೆ. ಫೋನ್ ಮಾಡಿದೆ. ಮೆಸೇಜ್ ಬಂದಿದೆ ಅಂದಳು. ನಂಬರ್ ಹೇಳು ಅಂದರೆ ಹೇಳಲೊಲ್ಲಳು.

"ಯಾರಿಗೂ ಹೇಳಬ್ಯಾಡ್ರಿ ಅಂತ ಬ್ಯಾಂಕಿನ್ಯಾರು ಹೇಳ್ಯಾರ. ದಿನಾ ಫೋನಿನ್ಯಾಗೂ ಅದನ್ನ ಒದರತಾರ."

"ಅಕ್ಕಾ, ನಾನು ಮಾತಾಡಾಕತ್ತೀನಿ!"

"ನೀನ ಅಂತ ನನಗ ಹೆಂಗ ಗೊತ್ತಾಗಬೇಕು? ಈಗ ದನಿ ಸುದ್ದಾ ಕದಿತಾರಂತ. ಬೇಕಾಗಿದ್ರ ಮಾರಿ ತೋರಸು, ಹೇಳತೀನಿ." ಫೋನ್ ಇಟ್ಟಳು. ಅವಳದು ಗುಂಡಿ ಒತ್ತುವ ಸಣ್ಣ ಫೋನು, ಅದರಲ್ಲಿ ಮುಖ ತೋರಿಸುವಂತಿರಲಿಲ್ಲ.

ಸಬೂತು ಕೇಳುವ ಚಟ ನಮ್ಮ ಮನೆಯಲ್ಲಿ ನನಗೊಬ್ಬನಿಗೇ ಇಲ್ಲ ಅನ್ನಿಸಿತು. ಮರುದಿನ ಲಿಂಗಸೂಗೂರಿನ ಬಸ್ ಹತ್ತಿ ಮಸ್ಕಿಯಲ್ಲಿ ಇಳಿದೆ. ಲಿಂಗಸೂಗೂರಿನವನು, ನೀವು ಅಲ್ಲಿ ಮುಟ್ಟಿ ಫೋನ್ ಮಾಡಿದ ಕೂಡಲೇ ಒತ್ತುತ್ತೇನೆ ಎಂದಿದ್ದ.

ಗಿರಣಿ ಓಡುತ್ತಿತ್ತು. ಮಾತಾಡಿದರೆ ಕೇಳಿಸುವಂತಿರಲಿಲ್ಲ. ಅಕ್ಕನ ಹುಬ್ಬು, ರೆಪ್ಪೆ, ತಲೆಗೆ ಕಟ್ಟಿದ ವಸ್ತ್ರ ಎಲ್ಲ ಹಿಟ್ಟು. ಗೋಡೆಯ ಗುಂಟ ಜೋಳದ ಡಬ್ಬಿಗಳು ಸಾಲಾಗಿ ಕುಳಿತಿದ್ದವು. ನಾನು ಒಂದು ಚೀಲದ ಮೇಲೆ ಕುಳಿತು ಕಾಯುತ್ತಿರುವಾಗಲೇ ಕರೆಂಟ್ ಹೋಯಿತು. ಗಿರಣಿಯ ಪಟ್ಟಿ ಮೆಲ್ಲಗೆ ತಿರುಗಿ ತಿರುಗಿ ನಿಂತಿತು. ಕಾಯುತ್ತಿದ್ದ ಹೆಂಗಸರು ಎದ್ದು ಹೋದರು, ಡಬ್ಬಿಗಳನ್ನು ಮಾತ್ರ ಇದ್ದಲ್ಲೇ ಬಿಟ್ಟು. ಡಬ್ಬಿ ಸಾಲಿನಲ್ಲಿದ್ದರೆ ಪಾಳಿ ತಪ್ಪುವುದಿಲ್ಲ, ಬೇರೆಯವರ ಡಬ್ಬಿಯನ್ನು ಯಾರೂ ಹಿಂದೆ ಸರಿಸುವುದಿಲ್ಲ. ಒಬ್ಬ ಮುದುಕಿ ಮಾತ್ರ ಹೊರಗಿನ ಬಿಸಿಲು ನೋಡಿ ಅಲ್ಲೇ ಕುಳಿತಳು.

ಅಕ್ಕ ಮುಖ ಒರೆಸಿಕೊಂಡು ನನ್ನ ಎದುರಿಗೆ ಕುಳಿತಳು. "ಈಗ ಹೇಳು. ಎಂಥಾದು ನಿನ್ನ ಸೋಲಾರ್?"

ನೆಟ್, ಗ್ರಾಸ್ ಎರಡನ್ನೂ ವಿವರಿಸಿದೆ. ಅವಳು ಪೂರ್ತಿ ಕೇಳಲೂ ಇಲ್ಲ. "ಹೊಲದಾಗಿನ ಜ್ವಾಳ ಅಷ್ಟೂ ಮಾರಿ ಹಿಟ್ಟು ಪ್ಯಾಟ್ಯಾಗ ತರೂದೇನು? ಮನೀಗೆ ಇಟಗೊಂಡು ಉಳದದ್ದು ಕೊಡು. ಇದಕ್ಕ ಮೂರು ವಾರ ಬರದೀಯಾ?" ಅಂದಳು. ನನ್ನ ನಕ್ಷೆಯೂ ಅದನ್ನೇ ಹೇಳಿತ್ತು. ನಾನು ನಗುತ್ತಿರುವಾಗಲೇ ಅವಳು ಇನ್ನೊಂದು ಪ್ರಶ್ನೆ ಕೇಳಿದಳು.

"ಈಗ ಹೋತಲ್ಲ ಕರೆಂಟ್, ಹಿಂಗ ಹೋದಾಗ ನಿನ್ನ ಮನಿಯಾಗ ಫ್ಯಾನ್ ತಿರುಗತೈತೇನು?"

"ಇಲ್ಲ. ಕಂಬದ ಮ್ಯಾಲೆ ಲೈನ್‌ಮನ್ ಕೆಲಸ ಮಾಡ್ತಿರತಾನ. ನಮ್ಮ ಕರೆಂಟ್ ಅವಗ ಹೊಡೀಬಾರದು ಅಂತ ಪ್ಯಾನೆಲ್ ತಾನ ಬಂದ್ ಆಗತೈತಿ."

"ಇಷ್ಟು ಬಿಸಲ ಇದ್ರೂ?"

"ಇದ್ರೂ."

ಪಾಠದಲ್ಲಿ ನಾನು ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಪರೀಕ್ಷೆಯಲ್ಲೂ ಕೇಳಿದ್ದೇನೆ. ಬಾಯಿಂದ ಹೊರಬಿದ್ದ ಮೇಲೆ ಮೊದಲ ಸಲ ನನಗೇ ಕೇಳಿಸಿತು. ನೋಟ್‌ಬುಕ್ಕಿನ ಅಷ್ಟು ಪುಟಗಳಲ್ಲಿ ಕರೆಂಟ್ ಹೋದ ಹೊತ್ತನ್ನು ಎಲ್ಲಿಯೂ ಬರೆದಿರಲಿಲ್ಲ.

"ಮತ್ತ ಯಾಕ ಬೇಕದು?" ಎಂದಳು ಅಕ್ಕ.

ಮುಜುಗರವಾಯಿತು. ಅದನ್ನು ಮುಚ್ಚಿಕೊಳ್ಳಲು ನನ್ನ ಸಿದ್ಧ ಉತ್ತರಕ್ಕೆ ಕೈ ಹಾಕಿದೆ. "ಅಪ್ಪನ ನೆನಪಿಗಿ. ಆ ಬ್ಯಾಸಗ್ಯಾಗ ರಟ್ಟು ಬೀಸಿ ಬೀಸಿ ನನ್ನ ಕೈ ಬಿದ್ದುಹೋಗಿತ್ತು. ಕೈ ಬದಲಿ ಮಾಡು ಅಂತಿದ್ನಲ್ಲ ಅಪ್ಪ..."

ಅಕ್ಕ ನನ್ನನ್ನೇ ನೋಡಿದಳು. ಸಿಟ್ಟು ಬಂದಂತೆ ಕಾಣಲಿಲ್ಲ. ಲೆಕ್ಕ ತಪ್ಪಿದ ಹುಡುಗನನ್ನು ನಾನು ಹೇಗೆ ನೋಡುತ್ತೇನೋ ಹಾಗೆ ನೋಡಿದಳು.

"ಯಾರ ಕೈ?"

"ನಂದು."

"ಲೇ ತಮ್ಮ, ನೀ ಎಲ್ಲಿದ್ದಿ ಅವಾಗ? ನಿಮ್ಮ ಸಂಸಾರ ಕಲಬುರಗ್ಯಾಗ ಇತ್ತು, ನೀ ಅಲ್ಲಿ ಪರೀಕ್ಷಾ ಪೇಪರ್ ತಿದ್ದತಿದ್ದಿ. ಅಪ್ಪನ ಹತ್ರ ಇದ್ದಾಕಿ ನಾನು. ಕೈ ಬದಲಿ ಮಾಡು ಅಂತಾನ ಅಂತ ನಾನ ನಿನಗ ಫೋನಿನ್ಯಾಗ ಹೇಳೀನಿ. ಹೇಳಿ ನಕ್ಕೀನಿ, ನೀನೂ ನಕ್ಕಿದ್ದಿ."

ಇಲ್ಲ ಎಂದೆ. ನನಗೆ ಬರೋಬ್ಬರಿ ನೆನಪಿದೆ ಎಂದೆ. ಹೊರಸಿನ ಹುರಿ, ರಟ್ಟಿನ ಮೂಲೆ ಮಡಚಿದ್ದು, ಅಪ್ಪನ ಎದೆಯ ಮೇಲಿನ ಬೆವರು, ಒಂದೊಂದಾಗಿ ಹೇಳಿದೆ. ಅಕ್ಕ ತಲೆ ಅಲ್ಲಾಡಿಸುತ್ತಿದ್ದಳು. ಎಲ್ಲ ಖರೆ, ನೀನೊಬ್ಬ ಬಿಟ್ಟು ಎಂಬಂತೆ.

ಅಷ್ಟರಲ್ಲಿ ಮೂಲೆಯಲ್ಲಿದ್ದ ಮುದುಕಿ, ಯಾರೂ ಕೇಳದಿದ್ದರೂ, ಮಾತಿಗೆ ಬಂದಳು. "ಎರಡು ತಿಂಗಳು ಗಿರಣಿ ಬಂದ್ ಇಟ್ಟಿದ್ಲು ಯಪ್ಪಾ. ಅಪ್ಪ ಹಾಸಿಗಿ ಹಿಡದಾನ ಅಂತ ಬೀಗ ಹಾಕಿ ಹೋದಾಕಿ ಹೊಳ್ಳಿ ಬರಲೇ ಇಲ್ಲ. ನಾವು ಡಬ್ಬಿ ಹೊತಗೊಂಡು ಊರ ಆ ತುದೀಗೆ ಹೋಗತಿದ್ವಿ. ಆ ಗಿರಣ್ಯಾಗ ಹಿಟ್ಟು ಉರುಟ ಬರತಿತ್ತು, ರೊಟ್ಟಿ ಸೀಳತಿದ್ವು. ಈಕೀಗೆ ಬೈಕೋಂತ ರೊಟ್ಟಿ ಬಡದೀವಿ."

"ಈಗ ಬೈದು ಮುಗೀತೋ ಇಲ್ಲೋ?" ಎಂದಳು ಅಕ್ಕ.

"ಇನ್ನೂ ಸ್ವಲ್ಪ ಐತಿ" ಎಂದು ಮುದುಕಿ ನಕ್ಕಳು.

ನಾನು ನಗಲಿಲ್ಲ. ಆ ಮುದುಕಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇರಲಿಲ್ಲ. ನಾನು ಯಾರೆಂಬುದೂ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಹಾಗಾದರೆ ಮೀಟರಿಗೆ ನಿನ್ನ ನಂಬರ್ ಹೇಗೆ ಬಂತು ಎಂದು ಅಕ್ಕನನ್ನು ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಾಗಿತ್ತು.

"ಮೀಟರ್ ಬರಿಯಾವ ಬಂದಿದ್ದ, ಮನಿಯಾಗ ಇದ್ದವರ ನಂಬರ್ ಕೊಡ್ರಿ ಅಂದ. ಇದ್ದಾಕಿ ನಾನು. ಕೊಟ್ಟೆ."

ಮನೆಯಲ್ಲಿ ಇದ್ದವರ ನಂಬರ್. ನಾನು ಯಾರಿಂದಲಾದರೂ ಕೇಳುವಂಥ ಸಬೂತು ಅದಕ್ಕಿಂತ ಬೇರೆ ಇರಲಿಲ್ಲ.

ಸುಳ್ಳು ಹೇಳಿದ್ದೆ ಎನ್ನುವಂತಿರಲಿಲ್ಲ, ಅಷ್ಟೂ ವರ್ಷ ನಾನದನ್ನು ನಂಬಿದ್ದೆ. ಈ ಹೊತ್ತಿಗೂ ಕಣ್ಣು ಮುಚ್ಚಿದರೆ ರಟ್ಟು ಹಿಡಿದ ಕೈ ನನ್ನದೇ ಆಗಿ ಕಾಣುತ್ತದೆ. ಆದರೆ ಒಂದು ಮಾತು ಮಾತ್ರ ಸ್ಪಷ್ಟವಾಗಿತ್ತು. ಕರೆಂಟ್ ಹೋದಾಗ ಫ್ಯಾನ್ ತಿರುಗುತ್ತದೋ ಎಂದು ಅಕ್ಕ ತಟ್ಟನೆ ಕೇಳಿದಳು. ನಾನು ಮೂರು ವಾರ ಲೆಕ್ಕ ಹಾಕಿಯೂ ಕೇಳಲಿಲ್ಲ. ರಟ್ಟು ಬೀಸಿ ನೊಂದದ್ದು ನನ್ನ ಕೈಯೇ ಆಗಿದ್ದರೆ ನಾನು ಮೊದಲು ಕೇಳಬೇಕಾದದ್ದು ಅದೇ ಆಗಿತ್ತು.

"ಯಾಕ ನನಗ ಒಂದು ಸಲನೂ ಹೇಳಲಿಲ್ಲ ನೀನು?" ಎಂದೆ. ನಾನು ಈ ಕಥೆ ಹೇಳುವಾಗ ಅವಳು ಎದುರಿಗೆ ಇದ್ದಿರಬೇಕು ಅಂದುಕೊಂಡಿದ್ದೆ.

"ನನ್ನ ಮುಂದ ನೀ ಯಾವಾಗ ಹೇಳೀದಿ? ಇವತ್ತ ಕೇಳಾಕತ್ತೀನಿ." ಸೆರಗಿನ ಹಿಟ್ಟು ಕೊಡವಿದಳು. "ಹೋಗಲಿ ಬಿಡು. ನೀನೂ ಅಪ್ಪನ ಹತ್ರ ಕೂಡಬೇಕಂತ ಇದ್ದಿ, ಕೂತಂಗ ಆಗೈತಿ ನಿನಗ."

ಅವಳು ಕನಿಕರದಿಂದ ಹೇಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಲಿಂಗಸೂಗೂರಿನವನಿಗೆ ಫೋನ್ ಮಾಡಿ ಬ್ಯಾಟರಿಯ ಬಗ್ಗೆ ಕೇಳಿದೆ. ಬ್ಯಾಟರಿ ಜೋಡಿಸುವಂಥ ಇನ್ವರ್ಟರ್ ಹಾಕಿದರೆ ಕರೆಂಟ್ ಹೋದಾಗಲೂ ಎರಡು ಫ್ಯಾನ್, ಎರಡು ಲೈಟ್ ನಡೆಯುತ್ತವೆ, ನೆಟ್ ಮೀಟರಿಗೆ ಅದರಿಂದ ಅಡ್ಡಿಯಿಲ್ಲ, ಆದರೆ ಹಾಕಿದ ದುಡ್ಡು ವಾಪಸ್ ಹುಟ್ಟುವುದು ತಡವಾಗುತ್ತದೆ ಎಂದ. "ಮೊದಲ ದಿನಾನ ಕೇಳೀನಿ ಸರ್ ನಾನು. ಬ್ಯಾಟರಿ ದಂಡ ಅಂದಿದ್ರಿ ನೀವು."

ಅಂದಿದ್ದೆನೋ ಏನೋ. ನೆನಪಿಲ್ಲ. ಅಂದಿರಬೇಕು.

"ಹಾಕು" ಎಂದೆ. "ನೆಟ್ ಮೀಟರ್, ಬ್ಯಾಟರಿ ಸಮೇತ."

ಅವನು ಒತ್ತಿದ. ಅಕ್ಕನ ಫೋನ್ ಗುಂಯ್ ಎಂದಿತು. ಅವಳು ಫೋನನ್ನು ದೂರ ಹಿಡಿದು ಒಂದೊಂದೇ ಅಂಕಿ ಓದಿದಳು, ನಾನು ಅವನಿಗೆ ಹೇಳಿದೆ. ಅರ್ಜಿ ಒಳಗೆ ಹೋಯಿತು.

"ಸರ್, ಇದ್ರಾಗ ನಂಬರ್ ಬದಲಿ ಮಾಡೂದೈತಿ. ನಿಮ್ಮದು ಹಾಕಲೇನು?"

ಅಕ್ಕ, ಹಾಕಿಸಿಕೊ ಎಂದು ಕೈಯಲ್ಲೇ ಹೇಳಿದಳು. ತಿಂಗಳು ತಿಂಗಳು ಬಿಲ್ಲಿನ ಮೆಸೇಜ್ ಬಂದು ತಲೆ ತಿನ್ನುತ್ತದಂತೆ. ನಾನು ಬೇಡ, ಅದೇ ಇರಲಿ ಎಂದೆ.

ಮನೆಗೆ ಬಂದಾಗ ಮನೆಯವಳು ಏನಾಯಿತೆಂದು ಕೇಳಿದಳು. ಹೇಳಿದೆ. ಎಲ್ಲ ಹೇಳಿದೆ. ಅವಳು, "ನೀವು ಕಲಬುರಗಿಯಿಂದ ಅಪ್ಪನ ಹತ್ರ ಹ್ವಾದಂಗ ನನಗೂ ನೆನಪೈತಲ್ರೀ. ನಾನ ಬ್ಯಾಗ್ ತುಂಬಿ ಕೊಟ್ಟಿದ್ದೆ" ಅಂದಳು. ಆ ಬ್ಯಾಗು ಅಪ್ಪ ತೀರಿಹೋದ ದಿನದ್ದು ಎಂಬುದು ಹತ್ತು ನಿಮಿಷ ಮಾತಾಡಿದ ಮೇಲೆ ಇಬ್ಬರಿಗೂ ತಿಳಿಯಿತು. ಅವಳು ನನ್ನನ್ನು ನೋಡಿದಳು, ನಾನು ಗೋಡೆ ನೋಡಿದೆ.

ಮೊನ್ನೆ ಪ್ಯಾನೆಲ್ ಕೂರಿಸಿದರು. ಕಾಲೇಜಿನಲ್ಲಿ ಸಹೋದ್ಯೋಗಿಯೊಬ್ಬರು, ಯಾಕೆ ಹಾಕಿಸಿದಿರಿ ಎಂದು ಕೇಳಿದರು. "ನಮ್ಮಪ್ಪಗ ಕೊನೀ ಬ್ಯಾಸಗ್ಯಾಗ ನಾನು..." ಎಂದು ಬಾಯಿ ತಾನಾಗಿಯೇ ಶುರು ಮಾಡಿಬಿಟ್ಟಿತ್ತು. ಅಲ್ಲಿಯೇ ನಿಲ್ಲಿಸಿದೆ. ಅವರು ಕಾಯುತ್ತಿದ್ದರು.

"ನಾನಲ್ಲ" ಎಂದೆ. "ನಮ್ಮ ಅಕ್ಕ."