ಭೂಮಿಯ ಸೆಳೆತ ಮತ್ತು ನನ್ನ ಕುಡಗೋಲು

ಪಕ್ಕದ ಮನೆಯಲ್ಲಿ ಬಾಣಂತಿಗೆ ಅಜವಾನದ ಹೊಗೆ ಹಾಕಿದ್ದಾರೆ. ಈ ವಾಸನೆ ಮೂಗಿಗೆ ಬಿತ್ತೆಂದರೆ ನನಗೆ ನಗು ಬರುತ್ತದೆ. ಮೂರನೆಯ ಇಯತ್ತೆಗೇ ಸಾಲಿ ಬಿಟ್ಟ ನಾನು ಒಮ್ಮೆ ಇಡೀ ಭೂಮಿಯ ಅಳತೆ ತಪ್ಪಿಸಿದವಳು, ನಂಬುತ್ತೀರಾ?

ಆಗ ನಿಜಾಮರ ಕಾಲ. ಎರಡನೆಯ ಬಾಣಂತನಕ್ಕೆ ಹನುಮಸಾಗರದ ತವರಿಗೆ ಬಂದಿದ್ದೆ. ಮೊದಲ ಕೂಸು ಒಂಬತ್ತನೆಯ ದಿನ ಹೋಗಿತ್ತು. ಅದಕ್ಕೇ ಅವ್ವ ಈ ಸಲ ಗಾಳಿ ಸೋಕದಿರಲೆಂದು ದಿಂಬಿನ ಕೆಳಗೆ ಕುಡಗೋಲು ಇಟ್ಟಿದ್ದಳು. ಕಬ್ಬಿಣವಿದ್ದಲ್ಲಿ ದೆವ್ವ ಸುಳಿಯದೆಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೂಸನ್ನು ಎಳೆಬಿಸಿಲಿಗೆ ಹಿಡಿಯಲು ಹಿತ್ತಲಿಗೆ ಹೋದರೂ ಆ ಕುಡಗೋಲು ನನ್ನ ಸೊಂಟದಲ್ಲೇ ಇರುತ್ತಿತ್ತು.

ಕೂಸಿಗೆ ಐದು ದಿನವಾದಾಗ ಹೈದರಾಬಾದಿನಿಂದ ಒಬ್ಬ ಸಾಹೇಬರು ಬಂದರು. ಪೆಟ್ಟಿಗೆಯೊಳಗಿನ ಅಯಸ್ಕಾಂತದ ಸೂಜಿಯಿಂದ ಭೂಮಿಯ ಸೆಳೆತ ಅಳೆಯುವುದು ಅವರ ಕೆಲಸ. ಹಿಂದೆ ಅಳೆದವರು ನೆಟ್ಟ ಕಲ್ಲಿನ ಮೇಲೇ ಅಳೆಯಬೇಕಂತೆ. ಆ ಕಲ್ಲು ಇದ್ದದ್ದು ನಮ್ಮ ಹಿತ್ತಲ ಗೋಡೆಗೆ ಅಂಟಿಕೊಂಡು. ಅಲ್ಲೇ ಡೇರೆ ಎದ್ದಿತು.

"ಭೂಮಿನೂ ಒಂದು ಗ್ರಹ ಐತ್ರಿ," ಎಂದರು ಸಾಹೇಬರು.

ಪಂಚಾಂಗ ನೋಡುವ ನನ್ನ ಅಪ್ಪ ಬಿಡುವವನೇ? "ಒಂಬತ್ತು ಗ್ರಹದಾಗ ಅದು ಯಾವ ಮನ್ಯಾಗ ಕುಂತೈತ್ರಿ?"

"ನೀವು ಅದರ ಮ್ಯಾಲೇ ಕುಂತೀರಲ್ರಿ, ಹ್ಯಾಂಗ ಕಂಡೀತು?"

ಸೂಜಿಗೆ ಕಬ್ಬಿಣ ಆಗದು. ನೇಗಿಲ ಕುಳ, ಬಂಡಿಯ ಹಳಿ, ಬಾವಿಯ ಗಡಗಡಿ ಎಲ್ಲ ಊರಾಚೆ ಹೋದವು. ಅಪ್ಪನಂತೂ ಮೊಳೆಯಿದೆಯೆಂದು ಕೆರವನ್ನೇ ಕಳಿಸಿ ಬರಿಗಾಲಲ್ಲಿ ಮುಳ್ಳು ಚುಚ್ಚಿಸಿಕೊಂಡ. ಆದರೂ ನಾನು ಹಿತ್ತಲಿಗೆ ಹೋದಾಗಲೆಲ್ಲ ಸೂಜಿ ಕುಣಿಯುತ್ತಿತ್ತು. ಗೋಡೆಯ ಸಂದಿಯಿಂದ ಸಾಹೇಬರ ಪೇಚಾಟ ನೋಡಿ ಸೆರಗು ಬಾಯಿಗೊತ್ತಿ ನಗುತ್ತಿದ್ದೆ. ಕುಡಗೋಲು ಕೊಡಲು ಮಾತ್ರ ಜೀವ ಹೆದರುತ್ತಿತ್ತು.

"ಕೊಟ್ಟುಬಿಡವಾ," ಎಂದಳು ಅವ್ವ.

"ಒಂಬತ್ತು ದಿನ ದಾಟ್ಲಿ ಬೇ. ಭೂಮಿಗೆ ಏನ ಅವಸರ ಐತಿ?"

ಸಾಹೇಬರು ದಿನಗಟ್ಟಲೆ ಪೆಟ್ಟಿಗೆ ಬಿಚ್ಚಿದರು, ಒರೆಸಿದರು, ಮುಚ್ಚಿದರು. ಯಲಬುರ್ಗಾಕ್ಕೆ ಬೇಗ ಹೊರಡಿರೆಂದು ಕಚೇರಿಯಿಂದ ಕಾಗದ ಬಂದರೂ ಕದಲಲಿಲ್ಲ. ಹತ್ತನೆಯ ದಿನ ಬೆಳಗ್ಗೆ ಕೂಸು ಮನೆ ಹಾರಿಹೋಗುವಂತೆ ಕಿರುಚಿ ಹಾಲು ಬೇಡಿತು. ನನಗೆ ಅಳು ತಡೆಯಲಿಲ್ಲ. ಕುಡಗೋಲನ್ನು ಅವ್ವನ ಕೈಗೆ ಕೊಟ್ಟೆ. ಅವಳು ಅದನ್ನು ಊರಾಚೆ ಇಟ್ಟು ಬಂದಳು, ಸೂಜಿ ನಿಂತಿತು.

"ತಪ್ಪಾತ್ರಿ ಸಾಹೇಬ್ರ," ಎಂದಳು.

"ಮೊದಲನೇ ದಿನಾನ ಗೊತ್ತಾಗಿತ್ರಿ. ಗ್ವಾಡಿ ತೆಳ್ಳಗ ಐತಿ, ನಿಮ್ಮ ಮಾತೆಲ್ಲ ಕೇಳಸ್ತಿತ್ತು. ಒಂಬತ್ತು ದಿನ ದಾಟ್ಲಿ ಅಂತ ನಾನೂ ಎಣಿಸ್ಕೋತ ಕುಂತಿದ್ನಿ."

ಸಾಹೇಬರಿಗೆ ಟೋಪಿ ಹಾಕಿದೆನೆಂದು ಇಷ್ಟು ವರ್ಷ ಜಂಬ ಕೊಚ್ಚಿಕೊಂಡೆ. ಅವರ ಈ ಮಾತನ್ನು ಮಾತ್ರ ನುಂಗಿಬಿಡುತ್ತಿದ್ದೆ. ಇವತ್ತೇಕೋ ನುಂಗಲಾಗಲಿಲ್ಲ. ಆ ಕೂಸಿಗೆ ಈಗ ಮೊಮ್ಮಕ್ಕಳಿದ್ದಾರೆ. ನನ್ನ ಮಗರಾಯ ಪಡಸಾಲೆಯಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದಾನೆ.