ಉಸಿರು ಮರೆಯುವ ಕೂಸು

ಸೂಜಿಗೆ ದಾರ ಪೋಣಿಸುತ್ತಿದ್ದೆ. ಸೂಜಿಯ ಸುತ್ತ ಬೆಳಕಿನ ಸಣ್ಣ ಚುಕ್ಕಿಗಳು ಹಾರಾಡಿದವು. ಕಣ್ಣುಜ್ಜಿಕೊಂಡೆ. ಹೋಗಲಿಲ್ಲ. ಹೆದರಿಕೆಯೇನೂ ಆಗಲಿಲ್ಲ. ಇವು ಎಲ್ಲಿಂದ ಬಂದವಪ್ಪಾ ಎಂದು ಸ್ವಲ್ಪ ಹೊತ್ತು ನೋಡುತ್ತಲೇ ಕುಳಿತೆ.

ಸಾಂಗ್ಲಿಯ ವಿಶ್ರಾಮಬಾಗದಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಹೊಲಿಗೆ ಕ್ಲಾಸ್ ನಡೆಸುತ್ತೇನೆ. ಆಗಷ್ಟೇ ಎಂಟನೇ ತಿಂಗಳು ಹತ್ತಿತ್ತು. ಮುಖ, ಕೈ ಊದಿದ್ದವು. ಬಸುರಿಯರಿಗೆ ಇದು ಇದ್ದದ್ದೇ ಎಂದು ಎಲ್ಲರೂ ಹೇಳಿದ್ದರು, ನಾನೂ ನಂಬಿದ್ದೆ. ತಲೆ ಸಿಡಿಯತೊಡಗಿದಾಗ ಅತ್ತೆ ನನ್ನ ಗಂಡ ಮಹಾವೀರ ಅವರಿಗೆ ಫೋನ್ ಮಾಡಿದರು. ಅರಿಶಿನ ಪೇಟೆಯಲ್ಲಿ ಕೆಲಸದಲ್ಲಿದ್ದ ಅವರು ಓಡಿ ಬಂದರು. ರಿಕ್ಷಾ ಹಿಡಿದು ಮಿರಜಿನ ಆಸ್ಪತ್ರೆಗೆ ಹೋದೆವು.

ಬಿಪಿ ನೋಡಿದ ಸಿಸ್ಟರ್ ಮತ್ತೊಮ್ಮೆ ನೋಡಿದರು. ಆಮೇಲೆ ನನ್ನನ್ನು ನಡೆಯಲು ಬಿಡಲಿಲ್ಲ.

ಡಾಕ್ಟರ್ ಮರಾಠಿಯಲ್ಲಿ ನಿಧಾನವಾಗಿ ತಿಳಿಸಿದರು. ಬಸುರಿನಲ್ಲಿ ಬಿಪಿ ಹೀಗೆ ವಿಪರೀತ ಏರುವುದಕ್ಕೆ ಪ್ರಿಎಕ್ಲಾಂಪ್ಸಿಯಾ ಎನ್ನುತ್ತಾರೆ. ಕೂಸಿನ ಶ್ವಾಸಕೋಶ ಬಲಿಯಲೆಂದು ನನಗೆ ಇಂಜೆಕ್ಷನ್ ಕೊಟ್ಟು ಒಂದೆರಡು ದಿನ ಕಾಯುವುದು, ಬಿಪಿ ಹತೋಟಿಗೆ ಬರದಿದ್ದರೆ ಸಿಸೇರಿಯನ್. ಫಿಟ್ಸ್ ಬರಬಾರದೆಂದು ಮ್ಯಾಗ್ನೀಷಿಯಂ ಡ್ರಿಪ್ ಹಚ್ಚಿದರು. ಮೈಯೊಳಗೆ ಬಿಸಿನೀರು ಹರಿದಂತಾಯಿತು.

ನನ್ನನ್ನು ನೋಡಿಕೊಂಡ ವನಿತಾ ಸಿಸ್ಟರ್ ಜತ್ತ ಕಡೆಯವರು. ವಾರ್ಡಿನಲ್ಲಿ ಎಲ್ಲರೊಂದಿಗೂ ಮರಾಠಿ, ನನ್ನೊಂದಿಗೆ ಕನ್ನಡ. ಗಂಟೆಗೊಮ್ಮೆ ಬಂದು ನನ್ನ ಉಸಿರು ಎಣಿಸುತ್ತಿದ್ದರು, ಮೂತ್ರದ ಚೀಲ ನೋಡುತ್ತಿದ್ದರು, ರಬ್ಬರಿನ ಸಣ್ಣ ಸುತ್ತಿಗೆಯಿಂದ ಮೊಣಕಾಲಿನ ಕೆಳಗೆ ಹೊಡೆಯುತ್ತಿದ್ದರು. ಕಾಲು ತಾನಾಗಿ ಜಿಗಿಯುತ್ತಿತ್ತು.

"ಬ್ಯಾನಿ ತಲಿದು. ಕಾಲಿಗ್ಯಾಕ ಹೊಡೀತೀರಿ ಸಿಸ್ಟರ್?" ಎಂದು ಕೇಳಿದೆ.

"ಈ ಔಷಧ ಮೈಯಾಗ ಹೆಚ್ಚಾತಂದ್ರ ಮೊದಲ ಮಣಕಾಲು ಜಿಗಿಯೂದು ನಿಂದರತೈತ್ರಿ," ಎಂದರು. "ಆಮ್ಯಾಲ ಉಸಿರಿಗೆ ತ್ರಾಸ. ಅಲ್ಲೀತನಕಾ ಹೋಗಬಾರದಂತ ಕಾಲಾಗ ಗುರ್ತು ಹಿಡೀತೀವಿ."

ಅಲ್ಲಿಂದ ನಾನೂ ಕಾಲಿನ ಜಿಗಿತ ಕಾಯತೊಡಗಿದೆ. ಇಷ್ಟು ವರ್ಷ ನನ್ನದೆಂದುಕೊಂಡಿದ್ದ ಈ ಮೈ ನನ್ನನ್ನು ಕೇಳದೆಯೇ ಬೇರೆಯವರಿಗೆ ಉತ್ತರ ಕೊಡುತ್ತದಲ್ಲ ಎಂಬುದು ನನಗೆ ಸೋಜಿಗವಾಗಿತ್ತು.

ಮರುದಿನ ಮಧ್ಯಾಹ್ನ ಕಾಲು ಜಿಗಿಯಲಿಲ್ಲ.

ಸಿಸ್ಟರ್ ಇನ್ನೊಂದು ಕಾಲಿಗೆ ಹೊಡೆದರು. ಅದೂ ಸುಮ್ಮನಿತ್ತು. ತಕ್ಷಣ ಡ್ರಿಪ್ ನಿಲ್ಲಿಸಿ ಡಾಕ್ಟರರನ್ನು ಕರೆಸಿದರು. ಮೂತ್ರ ಕಡಿಮೆಯಾಗಿ ಔಷಧ ಹೊರಗೆ ಹೋಗದೆ ಮೈಯಲ್ಲೇ ಕೂಡಿತ್ತು.

"ನನ್ನ ಮಾರಿ ನೋಡ್ರಿ. ಏನರ ಮಾತಾಡಕೋಂತ ಇರ್ರಿ," ಎಂದರು ಸಿಸ್ಟರ್.

ನಾಲಿಗೆ ದಪ್ಪವಾಗಿತ್ತು. ಏನು ಮಾತಾಡಲಿ? ಬ್ಲೌಸಿನ ತೋಳು ಕತ್ತರಿಸುವುದು ಹೇಗೆಂದು ಹೇಳತೊಡಗಿದೆ. ಸಿಸ್ಟರ್ ನನ್ನ ನಾಡಿ ಹಿಡಿದುಕೊಂಡೇ, "ಹೂಂ, ಮುಂದ?" ಎನ್ನುತ್ತಿದ್ದರು. ಬಗಲಿನ ಹತ್ತಿರ ಬಟ್ಟೆ ಎಷ್ಟು ಬಿಡಬೇಕೆಂದು ಹೇಳುವಷ್ಟರಲ್ಲಿ ಡಾಕ್ಟರ್ ಬಂದರು. ಉಸಿರು ಸರಿಯಿದೆ, ವೇಳೆಗೆ ಸರಿಯಾಗಿ ಡ್ರಿಪ್ ನಿಲ್ಲಿಸಿದಿರಿ ಎಂದು ಸಿಸ್ಟರ್‌ಗೆ ಹೇಳಿದರು. ಇನ್ನು ಕಾಯುವುದು ಬೇಡವೆಂದೂ ಹೇಳಿದರು. ಸಂಜೆಯೊಳಗೆ ಸಿಸೇರಿಯನ್ ಆಯಿತು.

ಹೆಣ್ಣು ಕೂಸು. ನನಗೆ ತೋರಿಸಲು ಸಮಯವಿರಲಿಲ್ಲ, ನೇರ ಹಸುಗೂಸುಗಳ ತೀವ್ರ ನಿಗಾ ಘಟಕಕ್ಕೆ, ಎನ್‌ಐಸಿಯುಗೆ, ಒಯ್ದರು.

ಮೊದಲು ಅವಳನ್ನು ಮೊಬೈಲಿನ ಫೋಟೋದಲ್ಲೇ ನೋಡಿದೆ. ಏಳಲು ಬಂದ ಮೇಲೆ ವೀಲ್‌ಚೇರಿನಲ್ಲಿ ಹೋದೆ. ಬೆನ್ನ ಮೇಲೆಲ್ಲ ನವಿರಾದ ಕೂದಲು. ಕಿವಿ ಮಡಚಿದರೆ ಹಾಗೆಯೇ ಉಳಿಯುತ್ತಿತ್ತು, ಇಸ್ತ್ರಿ ಮಾಡಿದ ಬಟ್ಟೆಯ ಅಂಚಿನಂತೆ. ನೋಡುತ್ತಿದ್ದಂತೆ ಮಾನಿಟರ್ ಕೂಗಿತು. ಅಲ್ಲಿದ್ದ ಸಿಸ್ಟರ್ ಅವಸರ ಮಾಡದೆ ಕೂಸಿನ ಅಂಗಾಲಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿದರು. ಎದೆ ಏರಿತು, ಇಳಿಯಿತು.

ಅವಳು ಉಸಿರಾಡುವುದನ್ನು ಮರೆತಿದ್ದಳಂತೆ.

ದಿನ ತುಂಬದೆ ಹುಟ್ಟಿದ ಕೂಸುಗಳು ಹೀಗೆ ಮರೆಯುತ್ತವೆ, ಯಾರಾದರೂ ನೆನಪು ಮಾಡಿಕೊಡಬೇಕು, ಬೆಳೆದಂತೆ ಬಿಟ್ಟುಹೋಗುತ್ತದೆ ಎಂದರು ಆ ಸಿಸ್ಟರ್. ನಾನು ಬಹಳ ಹೊತ್ತು ಅದನ್ನೇ ಯೋಚಿಸಿದೆ. ಯಾರೂ ಕಲಿಸದೆ ಬರುತ್ತದೆಂದು ನಾನು ತಿಳಿದಿದ್ದ ಒಂದೇ ಕೆಲಸ ಉಸಿರಾಟ.

ಕೂಸನ್ನು ಬರಿಯ ಎದೆಗೆ ಅಂಟಿಸಿ ಬಟ್ಟೆಯಿಂದ ಕಟ್ಟಿಕೊಳ್ಳುವ ಕಾಂಗರೂ ಕೇರ್ ಶುರುವಾಯಿತು. ನನ್ನ ಬಿಪಿ ಏರಿದ ದಿನಗಳಲ್ಲಿ ಮಹಾವೀರ ಕೂತರು. ಉಗುರಿನ ಸಂದಿಯ ಅರಿಶಿನ ಹೋಗಿಲ್ಲವೆಂದು ಸಿಸ್ಟರ್ ಅವರನ್ನು ಮತ್ತೆ ಕೈ ತೊಳೆಯಲು ಕಳಿಸಿದರು. ಶರ್ಟು ಬಿಚ್ಚಿ, ನಾಚಿಕೊಂಡು, ಅಲ್ಲಾಡದೆ ಕೂತಿದ್ದರು.

"ಇಕಿ ಒಳ್ಳೇ ಬೆಚ್ಚಗದಾಳಲ್ಲ," ಎಂದರು ನನಗೆ, ಪಿಸುಮಾತಿನಲ್ಲಿ.

ಹಾಲು ಮೊದಲು ನಳಿಕೆಯಲ್ಲಿ, ಆಮೇಲೆ ಸಣ್ಣ ಕೊಕ್ಕಿನ ಒಳಲೆಯಲ್ಲಿ, ಕೊನೆಗೆ ಎದೆಯಿಂದ. ಎಲ್ಲವೂ ಗಡಿಯಾರ ನೋಡಿಯೇ. ಸಮಯವಾದೊಡನೆ ಅವಳನ್ನು ಎಬ್ಬಿಸಿ ಕುಡಿಸುತ್ತಿದ್ದೆವು.

ಉಸಿರು ಮರೆಯುವುದು ಪೂರ್ತಿ ನಿಂತ ಮೇಲೆ ಮನೆಗೆ ಕಳಿಸಿದರು. ನನ್ನ ಬಿಪಿ ಗುಳಿಗೆ ಇನ್ನೂ ನಡೆದಿದೆ. ಅವಳ ಕಣ್ಣಿನ ಪರೀಕ್ಷೆ ಬಾಕಿ ಇದೆ. ಎಲ್ಲ ಮುಗಿಯಿತೆಂದು ಡಾಕ್ಟರ್ ಹೇಳಿಲ್ಲ, ನಾನೂ ಕೇಳಿಲ್ಲ.

ಮನೆಗೆ ಬಂದ ದಿನ ನಾವಿಬ್ಬರೂ ತೊಟ್ಟಿಲಿನ ಎರಡು ಬದಿಗೆ ಕೂತು ಅವಳ ಎದೆಯನ್ನೇ ನೋಡುತ್ತಿದ್ದೆವು.

"ಇಬ್ರೂ ಹಿಂಗ ಕುಂತ್ರ ಉಣ್ಣೋರು ಯಾರು? ಏಳ್ರಿ," ಎಂದರು ಅತ್ತೆ.

ತಟ್ಟೆಯ ಮುಂದೆ ಕೂತಿದ್ದೆವಷ್ಟೇ. ಒಳಗಿನಿಂದ ಸಣ್ಣ, ಸಿಟ್ಟಿನ ಅಳು ಬಂತು. ನಾನು ಗಾಬರಿಯಾಗಿ ಎದ್ದೆ. ಅತ್ತೆ ಒಮ್ಮೆ ಕಿವಿಗೊಟ್ಟು ಕೇಳಿ, ರೊಟ್ಟಿ ಮುರಿಯುತ್ತ ಹೇಳಿದರು: "ಏನಿಲ್ಲ ತಗಿ. ಹಸದಾಳ."

ಗಡಿಯಾರ ನೋಡಿದೆ. ಹಾಲಿನ ವೇಳೆ ಇನ್ನೂ ಆಗಿರಲಿಲ್ಲ. ಯಾರೂ ಎಬ್ಬಿಸದೆ ಅವಳೇ ಹಾಲು ಕೇಳುತ್ತಿದ್ದಳು.